ಹೊಸ ಟೈರಿನ ಕೆಂಪು ಚುಕ್ಕೆ

ದೆಹಲಿಯ ಮಯೂರ್ ವಿಹಾರ್ ಫೇಸ್ ಒಂದರ ಟೈರ್ ಅಂಗಡಿಯಲ್ಲಿ ನಾಲ್ಕು ಹೊಸ ಟೈರುಗಳನ್ನು ಗೋಡೆಗೆ ಒರಗಿಸಿದ್ದರು. ಪಕ್ಕದ ಮೈಮೇಲೆ ಹಳದಿ ಚುಕ್ಕೆ, ಅದರಿಂದ ದೂರದಲ್ಲಿ ಕೆಂಪು ಚುಕ್ಕೆ. ರಸ್ತೆಗೆ ತಾಗುವ ಕಡೆ ಸುತ್ತಲೂ ಬಣ್ಣದ ಗೆರೆಗಳು. ಫಿಟ್ಟಿಂಗ್ ಹುಡುಗ ಟೈರನ್ನು ರಿಮ್ಮಿಗೆ ಏರಿಸಿದ. ಗಾಳಿ ತುಂಬುವ ಮೊದಲು ಕೈಯಲ್ಲೇ ತಿರುಗಿಸುತ್ತ, ಹಳದಿ ಚುಕ್ಕೆಯನ್ನು ಸರಿಯಾಗಿ ವಾಲ್ವಿನ ಹತ್ತಿರ ತಂದು ನಿಲ್ಲಿಸಿದ. ಯಾಕಪ್ಪಾ ಎಂದರೆ, 'ವೇಟ್ ಕಮ್ ಲಗೇಗಾ' ಎಂದ. ಕೆಂಪು ಯಾತಕ್ಕೆ? 'ವೋ ಕಂಪನಿ ಕಾ ಹೈ.' ಅಲ್ಲಿಂದ ಹಿಡಿದ ಹುಚ್ಚು ನನಗಿನ್ನೂ ಬಿಟ್ಟಿಲ್ಲ.

ಗೆರೆಗಳದ್ದು ಸಣ್ಣ ಕತೆ. ಗೋದಾಮಿನಲ್ಲಿ ಟೈರುಗಳನ್ನು ಒತ್ತೊತ್ತಾಗಿ ಪೇರಿಸಿದಾಗ ಪಕ್ಕದ ಅಕ್ಷರಗಳು ಕಾಣುವುದಿಲ್ಲ. ಯಾವ ಸೈಜು, ಯಾವ ಮಾಡೆಲ್ ಎಂದು ದೂರದಿಂದಲೇ ಗುರುತಿಸಲು ಅವು ಬೇಕು. ಗಾಡಿ ಸ್ವಲ್ಪ ಓಡಿದರೆ ಸವೆದುಹೋಗುತ್ತವೆ.

ಹಳದಿ ಚುಕ್ಕೆ ಟೈರಿನ ಅತ್ಯಂತ ಹಗುರವಾದ ಜಾಗ. ವಾಲ್ವ್ ಇರುವುದರಿಂದ ರಿಮ್ಮು ಸಾಮಾನ್ಯವಾಗಿ ಅಲ್ಲೇ ಭಾರ. ಹಗುರದ ಜತೆ ಭಾರ ಕೂಡಿಸಿದರೆ, ಆಮೇಲೆ ಬ್ಯಾಲೆನ್ಸಿಂಗಿಗೆ ಅಂಟಿಸುವ ತೂಕ ಕಡಿಮೆ ಸಾಕು. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಗ್ರಾಂ ಲೆಕ್ಕದ ಈ ತೂಕ ಕ್ಷುಲ್ಲಕವೆನ್ನಿಸಬಹುದು. ಆದರೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 15 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನ ಬರೀ 10 ಗ್ರಾಂ ವ್ಯತ್ಯಾಸ ಸುಮಾರು ಒಂದೂವರೆ ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಜಗ್ಗುತ್ತದೆ. ಪ್ರತಿ ಸುತ್ತಿಗೂ.

ಇನ್ನು ಕೆಂಪು. ಇದು ತೂಕದ ಮಾತೇ ಅಲ್ಲ. ಟೈರನ್ನು ಅಚ್ಚಿನಲ್ಲಿ ಬೇಯಿಸುವ ಮೊದಲು ಒಂದು ಡ್ರಮ್ಮಿನ ಮೇಲೆ ಪದರ ಪದರವಾಗಿ ರಬ್ಬರು, ದಾರದ ಹಾಸು, ಉಕ್ಕಿನ ಪಟ್ಟಿ ಸುತ್ತುತ್ತಾರೆ. ಸುತ್ತಿದ ಪದರದ ತುದಿಗಳು ಎಲ್ಲೋ ಒಂದು ಕಡೆ ಸೇರಲೇಬೇಕು. ಉಟ್ಟ ಪಂಚೆಯ ಅಂಚುಗಳು ಒಂದರ ಮೇಲೊಂದು ಬಂದ ಕಡೆ ದಪ್ಪವಾಗುವಂತೆ, ಅಂಥ ಕೂಡಿಕೆಯ ಜಾಗಗಳಲ್ಲಿ ಟೈರು ಕೂದಲೆಳೆಯಷ್ಟು ಉಬ್ಬುತ್ತದೆ ಅಥವಾ ಬಿಗಿಯಾಗುತ್ತದೆ. ಕಣ್ಣಿಗೆ ಕಾಣದು, ಕೈಗೂ ಸಿಗದು. ಕಾರ್ಖಾನೆಯಲ್ಲಿ ಗಾಳಿ ತುಂಬಿದ ಟೈರನ್ನು ಉರುಳೆಗೆ ಒತ್ತಿ ತಿರುಗಿಸಿ, ಅದು ಮರಳಿ ಒತ್ತುವ ಬಲವನ್ನು ಅಳೆಯುತ್ತಾರೆ. ಅಳತೆಯಲ್ಲಿ ಆ ಒತ್ತಡ ಎಲ್ಲಿ ಅತಿ ಹೆಚ್ಚೋ ಅಲ್ಲಿ ಕೆಂಪು ಚುಕ್ಕೆ.

ರಿಮ್ಮೂ ಪೂರ್ತಿ ದುಂಡಗಿರುವುದಿಲ್ಲ. ಅದರ ತಗ್ಗಿನ ಜಾಗಕ್ಕೆ ಕೆಲವು ತಯಾರಕರು ಒಂದು ಚುಕ್ಕೆಯನ್ನೋ ಸಣ್ಣ ಕುಳಿಯನ್ನೋ ಕೊಡುತ್ತಾರೆ. ಹೊಸ ಕಾರಿಗೆ ಚಕ್ರ ಜೋಡಿಸುವಾಗ ಟೈರಿನ ಉಬ್ಬನ್ನು ರಿಮ್ಮಿನ ತಗ್ಗಿಗೆ ಕೂಡಿಸುತ್ತಾರೆ. ಎರಡೂ ದೋಷ ಒಂದನ್ನೊಂದು ತಿಂದುಹಾಕುತ್ತವೆ. ಇಷ್ಟು ಚೆಂದದ ಉಪಾಯವನ್ನು ನಾನು ಮೋಟಾರು ಲೋಕದಲ್ಲಿ ಬೇರೆಲ್ಲೂ ಕಂಡಿಲ್ಲ. ತಾನು ಮಾಡಿದ ಮಾಲು ಎಲ್ಲಿ ಸರಿಯಿಲ್ಲ ಎಂದು ಕಾರ್ಖಾನೆಯೇ ಬಣ್ಣ ಹಚ್ಚಿ ತೋರಿಸುತ್ತದೆ! ಜೆ.ಕೆ. ಟೈರ್‌ನಂಥ ದೊಡ್ಡ ಕಂಪನಿಗಳೂ ಸೇರಿದಂತೆ ಯಾರೂ ಪೂರ್ತಿ ದುಂಡಗಿನ ಟೈರು ಮಾಡಲಾರರು.

ರಿಮ್ಮಿನಲ್ಲಿ ಗುರುತಿದ್ದರೆ ಕೆಂಪಿಗೇ ಮೊದಲ ಮಣೆ. ಅಂಗಡಿಗೆ ಬರುವ ಬಹುಪಾಲು ಅಲಾಯ್ ರಿಮ್ಮುಗಳಲ್ಲಿ ಆ ಗುರುತು ಇರುವುದಿಲ್ಲ. ಆಗ ಹಳದಿಯನ್ನು ವಾಲ್ವಿಗೆ ಕೂಡಿಸುವುದೇ ಸರಿ. ಹೇಗೇ ಕೂಡಿಸಿದರೂ ಬ್ಯಾಲೆನ್ಸಿಂಗ್ ತಪ್ಪಿಸುವಂತಿಲ್ಲ.

ಆದರೆ ಬಣ್ಣ ಇದ್ದರೆ ಹೊಸ ಮಾಲು ಎನ್ನುವ ಮಾತನ್ನು ನಾನು ಒಪ್ಪಲಾರೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರಿನಲ್ಲೂ ಚುಕ್ಕೆ ಹಾಗೇ ಇರುತ್ತದೆ. ವಯಸ್ಸು ಹೇಳುವುದು ಪಕ್ಕದ ಮೈಮೇಲೆ ಅಚ್ಚೊತ್ತಿದ ನಾಲ್ಕಂಕಿ: 2324 ಎಂದರೆ 2024ರ 23ನೇ ವಾರ.

ಮಯೂರ್ ವಿಹಾರದ ಪಕ್ಕದಲ್ಲೇ 2018ರಲ್ಲಿ ಮೊದಲ ಹಂತ ತೆರೆದ ದೆಹಲಿ-ಮೀರತ್ ಎಕ್ಸ್‌ಪ್ರೆಸ್‌ವೇ ಇರುವುದರಿಂದ ಇಲ್ಲಿನವರಿಗೆ ಚಕ್ರದ ನಡುಕ ಬರೀ ಪುಸ್ತಕದ ವಿಚಾರವಲ್ಲ. ಗಲ್ಲಿಯಲ್ಲಿ ಸುಮ್ಮನಿದ್ದ ಸ್ಟೀರಿಂಗ್ ಅಲ್ಲಿ ಎಂಬತ್ತು ದಾಟಿದೊಡನೆ ನಡುಗಬಹುದು. ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ನಡುಕ ನಿಲ್ಲದಿದ್ದರೆ ಕೆಂಪು ಚುಕ್ಕೆಯ ದೋಷವನ್ನು ಶಂಕಿಸಬೇಕು. ಸಾಮಾನ್ಯ ಬ್ಯಾಲೆನ್ಸಿಂಗ್ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ರಸ್ತೆಯ ಒತ್ತಡ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂಗಡಿಯವನಿಗೆ ಹೇಳಿ ಗಾಳಿ ಬಿಡಿಸಿ, ರಿಮ್ಮಿನ ಮೇಲೆ ಟೈರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮತ್ತೊಮ್ಮೆ ಬ್ಯಾಲೆನ್ಸ್ ಮಾಡಿಸಿ. ಸ್ಟೀರಿಂಗ್ ನಡುಗುತ್ತಿದ್ದರೆ ಮುಂದಿನ ಚಕ್ರಗಳಿಂದ, ಸೀಟು ನಡುಗುತ್ತಿದ್ದರೆ ಹಿಂದಿನವುಗಳಿಂದ ಶುರುಮಾಡಿ.