ಥರ್ಮೋಕೋಲ್ ಗಾಡಿಗೆ ಯಾವ ಹೊದಿಕೆ?

ಅಮೇರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಸಣ್ಣ ಗಾಡಿ ಸಿಕ್ಕಿಸಿಕೊಂಡು ಊರೂರು ಸುತ್ತುವ ಪದ್ಧತಿ ಇದೆ. ಅದಕ್ಕೂ ಟ್ರೇಲರ್ ಅಂತಲೇ ಹೆಸರು. ನಮ್ಮೂರ ಟ್ರೇಲರ್ ಕಬ್ಬು ಹೊರುತ್ತದೆ, ಅವರದ್ದು ಹಾಸಿಗೆ ಹೊರುತ್ತದೆ, ಅಷ್ಟೇ. 1930ರ ದಶಕದಿಂದಲೂ ಅಲ್ಲಿ ಜನ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಪಕ್ಕದಿಂದ ನೋಡಿದರೆ ನೀರಿನ ಹನಿಯ ಆಕಾರ. ಒಳಗೆ ಮಲಗಲು ಜಾಗ, ಹಿಂದಿನ ಮುಚ್ಚಳ ಎತ್ತಿದರೆ ಅಡಿಗೆಮನೆ.

ಟೆಕ್ಸಾಸಿನಲ್ಲಿರುವ ನನ್ನ ಸೋದರಮಾವ ಇಂಥದ್ದೊಂದು ಕಟ್ಟುತ್ತಿದ್ದಾರೆ. ಮಕ್ಕಳನ್ನು ರಜೆಯಲ್ಲಿ ಕರೆದುಕೊಂಡು ಹೋಗಲು ಲಾಡ್ಜಿನ ಬಾಡಿಗೆ ಕೊಡಲಾರದೆ ಈ ಕೆಲಸಕ್ಕೆ ಕೈ ಹಾಕಿದ್ದು. ಅವರದು ಸಣ್ಣ ಕಾರು, 680 ಕೆ.ಜಿ. ಮೇಲೆ ಎಳೆಯಬಾರದು. ಆದ್ದರಿಂದ ಗೋಡೆಗೆ ಪ್ಲೈವುಡ್ ಬಿಟ್ಟು ಫೋಮ್ ಹಲಗೆ ತಂದರು. ಇದು ನಮ್ಮ ಥರ್ಮೋಕೋಲಿನ ಅಣ್ಣ ಇದ್ದ ಹಾಗೆ. ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೇ. ಆದರೆ ಇದರಲ್ಲಿ ಕಾಳು ಕಾಳು ಇರುವುದಿಲ್ಲ, ಮೈ ನುಣುಪು, ಬಣ್ಣ ನೀಲಿ ಇಲ್ಲವೆ ಗುಲಾಬಿ. 8 ಅಡಿ ಉದ್ದ, 4 ಅಡಿ ಅಗಲ, 2 ಅಂಗುಲ ದಪ್ಪದ ಹಲಗೆ ಸುಮಾರು 4 ಕೆ.ಜಿ. ತೂಗುತ್ತದೆ. ಅದೇ ಅಳತೆಯ ಅರ್ಧ ಅಂಗುಲದ ಪ್ಲೈವುಡ್ 20 ಕೆ.ಜಿ. ಹತ್ತಿರ ಬರುತ್ತದೆ!

ಹಾಗಾದರೆ ಹೊದಿಕೆ ಯಾಕೆ ಬೇಕು? ಬರಿ ಫೋಮ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ. ಉಗುರು ತಾಗಿದರೂ ಗುಳಿ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಬಲ ಬರುವುದೇ ಹೊದಿಕೆಯಿಂದ. ಇದನ್ನು ನಾವು ಶಾಲೆಯಲ್ಲೇ ಮಾಡಿ ನೋಡಿದೆವು. ಥರ್ಮೋಕೋಲಿನ ಒಂದು ಅಡಿ ಪಟ್ಟಿಯನ್ನು ಎರಡು ಇಟ್ಟಿಗೆ ಮೇಲಿಟ್ಟು, ನಡುವೆ ತೂಕದ ಕಲ್ಲಿನ ಚೀಲ ನೇತುಹಾಕಿದೆವು. ಅರ್ಧ ಕೆ.ಜಿ.ಗೆ ಲಟ್ ಅಂತ ಮುರಿಯಿತು. ಇನ್ನೊಂದು ಪಟ್ಟಿಯ ಎರಡೂ ಮೈಗೆ ಹಳೇ ಪಂಚೆಯ ತುಂಡನ್ನು ಫೆವಿಕಾಲಿನಲ್ಲಿ ಅಂಟಿಸಿ ಎರಡು ದಿನ ಒಣಗಿಸಿದ್ದೆವು. ಅದು 1 ಕೆ.ಜಿ. ಹೊತ್ತು ಬಾಗಿತು, ಮುರೀಲಿಲ್ಲ. ಮೇಷ್ಟ್ರು, ಒಂದೇ ಮೈಗೆ ಬಟ್ಟೆ ಇದ್ದರೆ ಏನಾಗುತ್ತೆ ನೋಡ್ರೋ ಅಂದರು. ಬಟ್ಟೆ ಕೆಳಗೆ ಬರುವಂತೆ ಇಟ್ಟರೆ ತಡೆಯಿತು, ಮೇಲೆ ಬರುವಂತೆ ಇಟ್ಟರೆ ಮುರಿಯಿತು! ಯಾಕೆಂದರೆ ಪಟ್ಟಿ ಬಾಗುವಾಗ ಕೆಳಗಿನ ಮೈ ಹಿಗ್ಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಬಟ್ಟೆ ಅದನ್ನು ಹಿಡಿದುಕೊಳ್ಳುತ್ತದೆ. ಗಾಡಿಯ ಗೋಡೆ ಗಾಳಿಗೆ ಒಳಕ್ಕೂ ಹೊರಕ್ಕೂ ಬಾಗುವುದರಿಂದ ಎರಡೂ ಕಡೆ ಹೊದಿಕೆ ಬೇಕೇ ಬೇಕು.

ಮಾವನ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು ಅಲ್ಯೂಮಿನಿಯಂ ತಗಡು. ನೋಡಲು ಚೆಂದ, ನೀರು ಇಳಿಯುವುದಿಲ್ಲ. ಆದರೆ ಬೆಲೆ ಜಾಸ್ತಿ, ಆಲಿಕಲ್ಲು ಬಿದ್ದರೆ ತಗ್ಗು. ಟೆಕ್ಸಾಸಿನಲ್ಲಿ ಆಲಿಕಲ್ಲು ಮಳೆ ಜೋರು. ಬಿಸಿಲಿಗೆ ತಗಡೂ ಫೋಮೂ ಒಂದೇ ಸಮ ಹಿಗ್ಗುವುದಿಲ್ಲ, ಅಂಟು ಬಿಡುವ ಭಯ ಇರುತ್ತದೆ. ಇನ್ನೊಂದು ತೊಂದರೆ ಇದೆ. ಮರಗೆಲಸದ ಬಿಳಿ ಅಂಟು ಒಣಗಬೇಕಾದರೆ ಅದರೊಳಗಿನ ನೀರು ಹೊರಗೆ ಹೋಗಬೇಕು. ತಗಡಿಗೂ ಫೋಮಿಗೂ ನಡುವೆ ಸಿಕ್ಕಿಕೊಂಡ ನೀರು ಎಲ್ಲಿಗೆ ಹೋದೀತು? ಹಾಗಾಗಿ ಬೇರೆ ಅಂಟೇ ಬೇಕು.

ಎರಡನೆಯದು ಫೈಬರ್‌ಗ್ಲಾಸ್. ಗಾಜಿನ ನೂಲಿನ ಬಟ್ಟೆ ಹಾಸಿ ರಾಳದಂಥ ರೆಸಿನ್ ಬಳಿಯುತ್ತಾರೆ. ಇಲ್ಲಿ ಬಹಳ ಎಚ್ಚರ ಬೇಕು. ಅಗ್ಗದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರವ ಇರುತ್ತದೆ, ಅದು ಈ ಫೋಮನ್ನು ಕರಗಿಸಿಬಿಡುತ್ತದೆ. ಮಾವನಿಗೆ ಒಂದು ಅಂಗಡಿಯವರು ಇದನ್ನೇ ಕೊಟ್ಟು ಕಳಿಸಿದ್ದರು. ಪುಣ್ಯಕ್ಕೆ ಮೊದಲು ಒಂದು ಚೂರಿಗೆ ಬಳಿದು ನೋಡಿದರು. ಚೂರು ಸಕ್ಕರೆ ಪಾಕದ ಹಾಗೆ ಕುಸಿಯಿತಂತೆ. ಗೋಡೆಗೇ ಬಳಿದಿದ್ದರೆ ಮೂರು ತಿಂಗಳ ಭಾನುವಾರಗಳೆಲ್ಲ ಹೋದವು! ಎಪಾಕ್ಸಿ ರೆಸಿನ್ ಫೋಮನ್ನು ಕರಗಿಸುವುದಿಲ್ಲ, ಗಟ್ಟಿಯೂ ಹೌದು. ಆದರೆ ದುಬಾರಿ, ಕೈಗವಸು ಹಾಕಿಕೊಂಡೇ ಬಳಿಯಬೇಕು.

ಕರಗುವುದು ಹೇಗೆ ಅಂತ ನೋಡಲು ಮೇಷ್ಟ್ರು ಮೈದಾನದಲ್ಲಿ ಥರ್ಮೋಕೋಲಿಗೆ ಒಂದು ಹನಿ ಪೆಟ್ರೋಲ್ ಹಾಕಿದರು. ಚುಂಯ್ ಅಂತ ತೂತು. ಉಗುರು ಬಣ್ಣವೂ ತಿಂದುಹಾಕಿತು. ಫೆವಿಕಾಲ್ ಏನೂ ಮಾಡಲಿಲ್ಲ. ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಯಿಂದಲೂ ಸಣ್ಣ ಸಣ್ಣ ಗುಳಿ ಬಿದ್ದವು, ಯಾರೂ ನಂಬಿರಲಿಲ್ಲ. (ಪೆಟ್ರೋಲ್ ನೀವೇ ಮುಟ್ಟಬೇಡಿ.)

ಮೂರನೆಯದು ಕ್ಯಾನ್ವಾಸ್ ಬಟ್ಟೆ. ಇದನ್ನು ಅಲ್ಲಿ ‘ಬಡವರ ಫೈಬರ್‌ಗ್ಲಾಸ್’ ಅಂತ ಕರೆಯುತ್ತಾರೆ. ನಮ್ಮ ಹರಿಗೋಲಿನ ಉಪಾಯವೂ ಹೆಚ್ಚುಕಡಿಮೆ ಇದೇ. ಹಗುರವಾದ ಬಿದಿರು ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ಅಮ್ಮ ಮೊರಕ್ಕೆ ಮೆಂತ್ಯ, ಕಾಗದ ಅರೆದು ಬಳಿಯುವುದೂ ಅದೇ ಲೆಕ್ಕ. ಕ್ಯಾನ್ವಾಸ್ ಹೊದಿಸುವಾಗ ಮೊದಲು ಫೋಮಿನ ನುಣುಪು ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತರಿ ಮಾಡಬೇಕು, ಇಲ್ಲದಿದ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ. ನೀರಿಗೆ ಜಗ್ಗದ ಮರಗೆಲಸದ ಅಂಟು ಬಳಿದು, ಬಟ್ಟೆ ಹಾಸಿ, ಸುಕ್ಕು ತೀಡಿ, ಬಟ್ಟೆಯ ಮೇಲೂ ಅಂಟು ಬಳಿಯುತ್ತಾರೆ. ನೀರು ಬಟ್ಟೆಯ ಮೂಲಕ ಆರಿಹೋಗುತ್ತದೆ. ಒಣಗಿದ ಮೇಲೆ ಹೊರಗೋಡೆಗೆ ಹೊಡೆಯುವ ಬಣ್ಣ ಮೂರು ಸಲ. ಅದೂ ನೀರಿನಲ್ಲಿ ಕಲಸುವ ಬಣ್ಣ. ಹರಿದರೆ ತೇಪೆ ಹಾಕಬಹುದು, ತಗಡಿಗೆ ಹಾಗೆ ಮಾಡಲು ಬರುತ್ತದೆಯೇ? ನನ್ನ ಓಟು ಇದಕ್ಕೇ.

ಮಾವನೂ ಕ್ಯಾನ್ವಾಸನ್ನೇ ಆರಿಸಿದರು. ಕಲ್ಲು ಸಿಡಿಯುವ ಮುಂಭಾಗಕ್ಕೆ ಮಾತ್ರ ಎರಡು ಪದರ. ಬಣ್ಣ ಬಿಳಿ. ಅವರ ಮಗಳು ಕಪ್ಪು ಬೇಕೆಂದು ಹಟ ಮಾಡಿದಳಂತೆ, ಆದರೆ ಈ ಫೋಮಿಗೆ 74 ಡಿಗ್ರಿ ಮೇಲೆ ಬಿಸಿ ತಾಗಬಾರದು, ಕಪ್ಪು ಮೈ ಟೆಕ್ಸಾಸಿನ ಬಿಸಿಲಲ್ಲಿ ಅದರ ಹತ್ತಿರ ಹೋಗಬಹುದು. ಫೋಮಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲವಾದ್ದರಿಂದ ಕಿಟಕಿ, ಬಾಗಿಲ ಸುತ್ತ ಹೊದಿಕೆಗೆ ಮೊದಲೇ ಮರದ ಪಟ್ಟಿ ಕೂರಿಸಿದ್ದಾರೆ. ಫೋಮ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಒಳಗೆ ಒಲೆ ಹಚ್ಚುವ ಹಾಗಿಲ್ಲ.

ನಮ್ಮ ನಾಲ್ಕು ಪಟ್ಟಿಗಳನ್ನು ಈ ಹಾಳೆಯ ಕೆಳಗೆ ದಾರದಲ್ಲಿ ಕಟ್ಟಿದ್ದೇವೆ. ಮುರಿಯದೆ ಉಳಿದವನ್ನು ಬಗ್ಗಿಸಿ ನೋಡಬಹುದು. ಪೆಟ್ರೋಲ್ ಬಿದ್ದ ಚೂರು ಮೇಷ್ಟ್ರ ಕಪಾಟಿನಲ್ಲಿದೆ, ಕೇಳಿದರೆ ತೋರಿಸುತ್ತಾರೆ.