ಸ್ಪೀಕರ್ ಕೆಳಗೆ ಸ್ಪೈಕೋ, ಸ್ಪಂಜೋ?

ಹೋದ ಸೆಮಿಸ್ಟರ್‌ನಲ್ಲಿ ನಾಟಕದ ರಿಹರ್ಸಲ್‌ಗೆ ಅಂತ ಒಂದು ಜೊತೆ ಸ್ಪೀಕರ್ ತಂದು ಹಾಸ್ಟೆಲ್ ರೂಮಿನ ಪ್ಲೈವುಡ್ ಮೇಜಿನ ಮೇಲೆ ಇಟ್ಟಿದ್ವಿ. ಮೂರನೇ ದಿನ ಕೆಳಗಿನ ರೂಮಿನ ಗೆಳೆಯ ಹತ್ತಿ ಬಂದ. "ಗುರು, ಹಾಡು ಒಂಚೂರೂ ಕೇಳ್ಸಲ್ಲ, ಬರೀ ಧಡ್ ಧಡ್ ಅಂತಿರತ್ತೆ. ನಾಳೆ ಇಂಟರ್ನಲ್ಸ್ ಇದೆ ಕಣ್ರೋ!"

ಸಲಹೆಗಳಿಗೇನೂ ಬರ ಇರಲಿಲ್ಲ. ಒಬ್ಬ ಸೀನಿಯರ್ "ಚೂಪು ಸ್ಪೈಕ್ ಹಾಕಿ, ಕಂಪನ ಎಲ್ಲಾ ನೆಲಕ್ಕೆ ಇಳಿದುಹೋಗತ್ತೆ" ಅಂದ್ರು. ಇನ್ನೊಬ್ಬರು "ಸ್ಪಂಜ್ ಇಡಿ, ಕಂಪನ ಇಳಿಯೋದೇ ಇಲ್ಲ" ಅಂದ್ರು.

ಪಿಯುಸಿ ಲ್ಯಾಬ್ ನೆನಪಿಸಿಕೊಳ್ಳೋಣ. ಟ್ಯೂನಿಂಗ್ ಫೋರ್ಕ್ ತಟ್ಟಿ ಕೈಯಲ್ಲಿ ಹಿಡಿದ್ರೆ ಸದ್ದು ಸಣ್ಣದು. ಅದರ ಕಾಲನ್ನು ಮೇಜಿಗೆ ಒತ್ತಿದ್ರೆ ಮೇಜೇ ಹಾಡತ್ತೆ. ನಡುವೆ ಸ್ಪಂಜ್ ಇಟ್ರೆ ಮತ್ತೆ ಸಣ್ಣದು. ಒತ್ತಿದ್ದು ಕಪ್ಲಿಂಗ್, ಸ್ಪಂಜ್ ಇಟ್ಟಿದ್ದು ಐಸೊಲೇಷನ್.

ಸ್ಪೀಕರ್‌ನಲ್ಲೂ ಇದೇ ಕಥೆ. 15 ಗ್ರಾಂ ಕೋನ್ ಮುಂದಕ್ಕೆ 4 ಮಿ.ಮೀ. ಹೋದ್ರೆ, 8 ಕೆ.ಜಿ. ಪೆಟ್ಟಿಗೆ ಹಿಂದಕ್ಕೆ 0.0075 ಮಿ.ಮೀ. ಸರಿಯತ್ತೆ. ಇದು ತೀರಾ ಕಡಿಮೆ, ಪೆಟ್ಟಿಗೆ ಒಂದರಿಂದಲೇ ತೊಂದರೆ ಇಲ್ಲ. ಆದ್ರೆ ಆ ಅಲುಗಾಟ ತೆಳ್ಳನೆಯ, ಅಗಲವಾದ ಪ್ಲೈವುಡ್‌ಗೆ ದಾಟಿ, ಅದರ ಸ್ವಂತ ಆವರ್ತನಕ್ಕೆ ಹೊಂದಿಬಿಟ್ರೆ, ಮೇಜೇ ಮೂರನೇ ಸ್ಪೀಕರ್! ಮೇಜಿನ ಕಾಲಿನಿಂದ ಸ್ಲ್ಯಾಬ್‌ಗೆ, ಸ್ಲ್ಯಾಬ್‌ನಿಂದ ಗೆಳೆಯನ ತಲೆಗೆ.

ಹಾಗಂತ ಸಿಕ್ಕಿದ ರಬ್ಬರ್ ಇಟ್ರೆ ಆಗಲ್ಲ. ಸ್ಪೀಕರ್ ಮತ್ತು ಪ್ಯಾಡ್ ಸೇರಿ ಮಾಸ್-ಸ್ಪ್ರಿಂಗ್ ಸಿಸ್ಟಮ್. ಸ್ಪೀಕರ್ ಭಾರಕ್ಕೆ ಪ್ಯಾಡ್ ಎಷ್ಟು ಮಿ.ಮೀ. ಕುಗ್ಗತ್ತೆ ಅಂತ ಅಳೆದು, ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಬರೋದು ಹರ್ಟ್ಸ್‌ನಲ್ಲಿ ಸಹಜ ಆವರ್ತನ. 4 ಮಿ.ಮೀ. ಕುಗ್ಗಿದ್ರೆ ಸುಮಾರು 8 ಹರ್ಟ್ಸ್. ಅದರ √2 ಪಟ್ಟು, ಅಂದ್ರೆ 11 ಹರ್ಟ್ಸ್ ದಾಟಿದ ಮೇಲೆ ಐಸೊಲೇಷನ್ ಶುರು. ಗಟ್ಟಿ ರಬ್ಬರ್ 0.1 ಮಿ.ಮೀ. ಮಾತ್ರ ಕುಗ್ಗಿದ್ರೆ? 50 ಹರ್ಟ್ಸ್! ಸರಿಯಾಗಿ ಬಾಸ್ ಇರೋ ಜಾಗದಲ್ಲೇ ಕಂಪನ ಹೆಚ್ಚಾಗತ್ತೆ. ಏನೂ ಇಡದೇ ಇರೋದೇ ವಾಸಿ. (ರಬ್ಬರ್, ಫೋಮ್‌ಗಳು ಅಲುಗುವಾಗ ಇನ್ನೂ ಬಿಗಿಯಾಗಿ ವರ್ತಿಸುತ್ತವೆ, ಹಾಗಾಗಿ ನಿಜವಾದ ಆವರ್ತನ ಈ ಲೆಕ್ಕಕ್ಕಿಂತ ಸ್ವಲ್ಪ ಮೇಲೇ ಇರತ್ತೆ.)

ಸ್ಪೈಕ್ ದಂಡ ಅಂತಲ್ಲ. ದಪ್ಪ ಕಾರ್ಪೆಟ್ ಮೇಲೆ ಎತ್ತರದ ಸ್ಪೀಕರ್ ತೂಗಾಡುವಾಗ, ಅದು ಕಾರ್ಪೆಟ್ ತೂರಿ ಕೆಳಗಿನ ಕಾಂಕ್ರೀಟ್ ಮೇಲೆ ಗಟ್ಟಿಯಾಗಿ ನಿಲ್ಲಿಸತ್ತೆ. ಆದ್ರೆ ಕಂಪನವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಅಂತೂ ಅಲ್ಲ. ಇಳಿಯುವ ದಾರಿಯಲ್ಲೇ ಹತ್ತಿಯೂ ಬರತ್ತೆ. ಪ್ಲೈವುಡ್ ಮೇಜಿಗೆ, ಮರದ ಅಟ್ಟಕ್ಕೆ ಸ್ಪೈಕ್ ಹಾಕೋದು ಟ್ಯೂನಿಂಗ್ ಫೋರ್ಕನ್ನು ಮೇಜಿಗೆ ಒತ್ತಿದ ಹಾಗೇ.

ನಾವು ಹಳೇ ಹಾಸಿಗೆಯ ಫೋಮ್ ಕತ್ತರಿಸಿ, 4 ಮಿ.ಮೀ. ಕುಗ್ಗುವ ತನಕ ತುಂಡುಗಳನ್ನು ಚಿಕ್ಕದು ಮಾಡ್ತಾ ಹೋಗಿ, ನಾಲ್ಕು ಮೂಲೆಗೆ ಇಟ್ವಿ. ಮೇಜಿನ ಮೇಲಿನ ಚಹಾ ಲೋಟ ಗಿರಗುಟ್ಟೋದು ನಿಂತಿತು. ಕೆಳಗಿನ ಧಡ್ ಧಡ್ ತುಂಬಾ ಇಳೀತು, ಪೂರ್ತಿ ಹೋಗಲಿಲ್ಲ. ಗಾಳಿಯ ಮೂಲಕವೇ ಸ್ಲ್ಯಾಬ್‌ಗೆ ಬಡಿಯುವ ಬಾಸ್‌ಗೆ ಫೋಮ್ ಏನು ಮಾಡೀತು? ಅದಕ್ಕೇ ರಾತ್ರಿ ಹತ್ತರ ಮೇಲೆ ಬಾಸ್ ಪೂರ್ತಿ ಇಳಿಸ್ತೀವಿ.