ಹಿತ್ತಲಿನ ಡ್ರ್ಯಾಗನ್ ಹಣ್ಣು: ಕಾಯಿ ಕಚ್ಚಿಸುವ ಬಗೆ

ಈಚಿನ ವರ್ಷಗಳಲ್ಲಿ ಮನೆಯ ಹಿತ್ತಲಲ್ಲಿ, ಮಹಡಿಯ ಮೇಲೆ, ಬಚ್ಚಲು ನೀರು ಹರಿಯುವ ಕಡೆ ಡ್ರ್ಯಾಗನ್ ಹಣ್ಣಿನ ಗಿಡ ಕಾಣಿಸುತ್ತಿದೆ. ನೆಟ್ಟ ಕಡ್ಡಿ ಸಾಯುವುದು ಅಪರೂಪ. ವರ್ಷ ತುಂಬುವುದರೊಳಗೆ ಅದು ಆಳೆತ್ತರ ಬೆಳೆದು ಗೋಡೆಗೆ ಹಬ್ಬಿಬಿಡುತ್ತದೆ. ಆದರೆ ಮೂರು ನಾಲ್ಕು ವರ್ಷ ಕಳೆದರೂ ಕೆಲವು ಗಿಡಗಳು ಹೂ ಬಿಡುವುದಿಲ್ಲ. ಇನ್ನು ಕೆಲವು ಗೇಣುದ್ದದ ಹೂ ಬಿಟ್ಟು, ವಾರದೊಳಗೆ ಎಲ್ಲವನ್ನೂ ಉದುರಿಸಿ ನಿಲ್ಲುತ್ತವೆ. ಪರಂಗಿಯಲ್ಲಿರುವಂತೆ ಇದೂ 'ಗಂಡು ಗಿಡ'ವೆಂದು ಬಗೆದು ಕಿತ್ತೆಸೆಯುವವರುಂಟು. ಇದು ತಪ್ಪು. ಡ್ರ್ಯಾಗನ್ ಗಿಡದಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಪ್ರತಿ ಹೂವಿನಲ್ಲೂ ಎರಡೂ ಭಾಗಗಳಿರುತ್ತವೆ. ತೊಡಕಿರುವುದು ಬೇರೆ ಕಡೆ.

ಈ ತೊಡಕನ್ನು ಹೊಲದಲ್ಲಿ ಬೆಳೆಯಹೊರಟ ರೈತರೂ ಅರಿತಿರುವುದು ಒಳ್ಳೆಯದು. 10 ಅಡಿಗೆ 10 ಅಡಿ ಅಂತರ ಕೊಟ್ಟರೆ ಎಕರೆಗೆ ಸುಮಾರು 435 ಕಂಬಗಳು, ಕಂಬಕ್ಕೆ ನಾಲ್ಕರಂತೆ 1,740 ಸಸಿಗಳು ಬೇಕಾಗುತ್ತವೆ. ಮೊದಲ ವರ್ಷದ ಹಣದಲ್ಲಿ ದೊಡ್ಡ ಪಾಲು ಕಂಬಕ್ಕೇ ಹೋಗುತ್ತದೆ. ಸಾಲ ಮಾಡಿ ಅಷ್ಟನ್ನು ಹೂಡುವ ಮೊದಲು ಮನೆಯ ಬಳಿ ಎರಡು ಕಂಬ ನಿಲ್ಲಿಸಿ, ತಾನು ತಂದ ತಳಿ ತನ್ನಷ್ಟಕ್ಕೆ ಕಾಯಿ ಕಚ್ಚುವುದೋ ಇಲ್ಲವೋ ಎಂದು ನೋಡಿಕೊಳ್ಳುವುದು ಜಾಣತನ.

ಗಿಡದ ಸ್ವಭಾವ

ಇದು ಕಳ್ಳಿಯ ಜಾತಿಗೆ ಸೇರಿದ ಹಬ್ಬುವ ಸಸ್ಯ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದದ್ದು. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲವೆಂಬ ಕುಂಡದ ಗಿಡವೂ ಇದೇ ಕುಟುಂಬದ್ದು. ಹೂವಿನ ಚೆಲುವಿನಲ್ಲೂ ಬೆಳಗಾಗುತ್ತಲೇ ಬಾಡುವುದರಲ್ಲೂ ಎರಡಕ್ಕೂ ಹೋಲಿಕೆಯಿದೆ. 2021ರಲ್ಲಿ ಗುಜರಾತ್ ಸರ್ಕಾರ ಈ ಹಣ್ಣಿಗೆ 'ಕಮಲಂ' ಎಂದು ಹೆಸರಿಟ್ಟಿತು. ಸಂತೆಯಲ್ಲಿ ಮಾತ್ರ ಹಳೆಯ ಹೆಸರೇ ನಡೆಯುತ್ತಿದೆ.

ಕಾಡಿನಲ್ಲಿ ಈ ಗಿಡ ಮರವನ್ನು ತಬ್ಬಿ ಮೇಲೇರಿ, ಬೆಳಕು ಸಿಕ್ಕ ಕಡೆ ಕವಲೊಡೆದು ಕೆಳಗೆ ಜೋತುಬೀಳುತ್ತದೆ. ಹೀಗೆ ಜೋತುಬಿದ್ದ, ಬಲಿತ ಕವಲುಗಳಲ್ಲಿಯೇ ಹೂ ಹೆಚ್ಚು. ಮೇಲಕ್ಕೇರುತ್ತಿರುವ ಎಳೆಯ ಕಾಂಡಕ್ಕೆ ಬೆಳೆಯುವುದೊಂದೇ ಕೆಲಸ. ಗೋಡೆಗೆ ಹಬ್ಬಲು ಬಿಟ್ಟ ಗಿಡ ವರ್ಷಗಟ್ಟಲೆ ಏರುತ್ತಲೇ ಇರುವುದಕ್ಕೆ ಇದೇ ಕಾರಣ.

ನೆಡುವುದು ಮತ್ತು ರೂಪ ಕೊಡುವುದು

ಬೀಜದಿಂದ ಬಂದ ಗಿಡ ಫಲ ಕೊಡಲು ಹಲವು ವರ್ಷ ಹಿಡಿಯುತ್ತದೆ. ತಾಯಿಯ ಗುಣವನ್ನೇ ಪಡೆಯುವ ಭರವಸೆಯೂ ಇಲ್ಲ. ಆದ್ದರಿಂದ ಫಲ ಕೊಟ್ಟ ಗಿಡದ ಬಲಿತ ಕಾಂಡದಿಂದ ಒಂದು ಅಡಿ ಉದ್ದದ ತುಂಡುಗಳನ್ನು ಆರಿಸಬೇಕು. ಕತ್ತರಿಸಿದ ತುದಿ ಒಣಗುವವರೆಗೆ ಐದಾರು ದಿನ ನೆರಳಿನಲ್ಲಿಟ್ಟು, ಬುಡದ ಭಾಗ ಕೆಳಗಿರುವಂತೆ ನೆಡಬೇಕು. ಸಸಿಯನ್ನು ಕೊಳ್ಳುವವರು ಅದರ ತಾಯಿ ಗಿಡ ಯಾವುದು ಎಂದು ಕೇಳಿಯೇ ಕೊಳ್ಳಬೇಕು. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರದಲ್ಲಿ ಈ ಬೆಳೆಗಾಗಿಯೇ ಉತ್ಕೃಷ್ಟತಾ ಕೇಂದ್ರಕ್ಕೆ 2023ರಲ್ಲಿ ಮಂಜೂರಾತಿ ದೊರೆಯಿತು. ತಳಿಗಳನ್ನು ಕಣ್ಣಾರೆ ನೋಡಬಯಸುವವರು ಅಲ್ಲಿ ವಿಚಾರಿಸಬಹುದು.

ಬೇರುಗಳು ಆಳಕ್ಕೆ ಹೋಗದೆ ಮೇಲ್ಮಣ್ಣಿನಲ್ಲೇ ಹರಡುವುದರಿಂದ ನೀರು ನಿಂತರೆ ಬುಡ ಕೊಳೆಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಏರುಮಡಿಯ ಮೇಲೆಯೇ ನೆಡಬೇಕು. ಮಹಡಿಯಲ್ಲಾದರೆ ಒಂದೂವರೆ ಅಡಿ ಆಳದ ಅಗಲವಾದ ಕುಂಡ ಅಥವಾ ತಳ ತೂತು ಮಾಡಿದ ಡ್ರಮ್ಮು ಸಾಕು. ಕೆಂಪು ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮಭಾಗವಾಗಿ ಬೆರೆಸಿ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ಬೆಳೆದ ಗಿಡದ ಭಾರ ಸಾಮಾನ್ಯವಲ್ಲ. ಕಂಬ ಗಟ್ಟಿಯಾಗಿ ನಿಲ್ಲಬೇಕು, ಕುಂಡ ತೊಲೆಯ ಮೇಲೆ ಬರುವಂತಿರಬೇಕು.

ಕಂಬದ ಎತ್ತರ ನೆಲದಿಂದ ಐದು ಅಡಿ ಇದ್ದು, ತುದಿಯಲ್ಲಿ ಹಳೆಯ ಸ್ಕೂಟರ್ ಟೈರನ್ನು ಕಬ್ಬಿಣದ ಸಲಾಕೆಯ ಆಧಾರದಲ್ಲಿ ಕೂಡಿಸಬೇಕು. ಒಂದು ಗಿಡಕ್ಕೆ ಒಂದೇ ಕಾಂಡವನ್ನು ಬಿಟ್ಟು, ಪಕ್ಕದ ಚಿಗುರುಗಳನ್ನೆಲ್ಲ ಎಳೆಯದಿರುವಾಗಲೇ ಚಿವುಟಬೇಕು. ಕಾಂಡ ಟೈರನ್ನು ದಾಟಿದ ಕೂಡಲೇ ತುದಿ ಕತ್ತರಿಸಬೇಕು. ಅನೇಕರಿಗೆ ಇಲ್ಲಿ ಕೈ ಬರುವುದಿಲ್ಲ. ಹುಲುಸಾದ ತುದಿಯನ್ನು ಕಂಡು ಮರುಗುತ್ತಾರೆ. ಆದರೆ ಕತ್ತರಿಸಿದ ಜಾಗದ ಕೆಳಗಿನಿಂದ ಬರುವ ನಾಲ್ಕಾರು ಕವಲುಗಳೇ ಟೈರಿನ ಮೇಲಿಂದ ಕೊಡೆಯಂತೆ ಇಳಿದು ಮುಂದೆ ಫಲ ಹೊರುವಂಥವು. ಹೀಗೆ ಬೆಳೆಸಿದ ಗಿಡ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ ಹೂ ತೋರಿಸುತ್ತದೆ.

ದಿನಕ್ಕೆ ಆರು ತಾಸಿನಷ್ಟಾದರೂ ಬಿಸಿಲು ಬೇಕು. ಕಳ್ಳಿ ಎಂದ ಮಾತ್ರಕ್ಕೆ ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್-ಮೇ ಬಿಸಿಲನ್ನು ಅದು ತಾಳುತ್ತದೆಂದು ತಿಳಿಯಬಾರದು. ಕಾಂಡ ಹಳದಿಯಾಗಿ ಸುಡುತ್ತದೆ. ಆ ಎರಡು ತಿಂಗಳು ಮಧ್ಯಾಹ್ನದ ನೆರಳು ಕೊಡಬೇಕು. ಯೂರಿಯಾ ಹೆಚ್ಚಾದರೆ ಹಸಿರು ಉಕ್ಕುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಮೊಗ್ಗಿನ ಕಾಲ ಸಮೀಪಿಸಿದಾಗ ಎರೆಗೊಬ್ಬರದ ಜೊತೆ ರಂಜಕ, ಪೊಟ್ಯಾಷ್ ಇರುವ ಗೊಬ್ಬರವನ್ನು ಹಿತಮಿತವಾಗಿ ಕೊಡಬೇಕು.

ಹಗಲು ದೀರ್ಘವಾಗಿರುವ ಕಾಲದಲ್ಲಿ ಈ ಗಿಡ ಹೂ ಬಿಡುತ್ತದೆ. ನಮ್ಮಲ್ಲಿ ಮೇ-ಜೂನ್‌ನಿಂದ ಅಕ್ಟೋಬರ್‌ವರೆಗೆ ಹೂಗಳು ಕಂತುಕಂತಾಗಿ ಬರುತ್ತವೆ. ವಿಯಟ್ನಾಂನ ಬೆಳೆಗಾರರು ಚಳಿಗಾಲದಲ್ಲೂ ಫಲ ಪಡೆಯಲು ತೋಟಕ್ಕೆ ರಾತ್ರಿ ವಿದ್ಯುತ್ ದೀಪ ಹಾಕುವುದು ಇದಕ್ಕಾಗಿಯೇ. ಮನೆಯ ಒಂದೆರಡು ಗಿಡಕ್ಕೆ ಆ ಖರ್ಚು ಬೇಡ. ಡಿಸೆಂಬರ್‌ನಲ್ಲಿ ಮೊಗ್ಗಿಲ್ಲವೆಂದು ಕಳವಳಪಡದಿದ್ದರೆ ಸಾಕು.

ರಾತ್ರಿಯ ಕೆಲಸ

ಮೊಗ್ಗು ಕಾಣಿಸಿದ ಎರಡು ಮೂರು ವಾರಗಳಲ್ಲಿ ಹೂ ಅರಳುತ್ತದೆ. ಸಂಜೆ ಕತ್ತಲಾದ ಮೇಲೆ ಬಿರಿಯತೊಡಗಿ, ನಡುರಾತ್ರಿಯ ವೇಳೆಗೆ ಪೂರ್ಣವಾಗಿ ತೆರೆದು, ಮರುದಿನ ಬಿಸಿಲೇರುವುದರೊಳಗೆ ಮುದುಡುತ್ತದೆ. ಒಂದು ಹೂವಿಗೆ ಒಂದೇ ರಾತ್ರಿ. ತವರಿನಲ್ಲಿ ಬಾವಲಿಗಳೂ ದೊಡ್ಡ ಪತಂಗಗಳೂ ಪರಾಗವನ್ನು ಸಾಗಿಸುತ್ತವೆ. ನಮ್ಮ ಮಹಡಿಗಳಲ್ಲಿ ಆ ನೆರವು ಸಿಗುವ ಭರವಸೆಯಿಲ್ಲ. ನಸುಕಿನಲ್ಲಿ ಜೇನ್ನೊಣ ಬರುವುದುಂಟು. ಅದನ್ನೇ ನಂಬಿ ಕೂಡುವಂತಿಲ್ಲ.

ಇದಕ್ಕಿಂತ ಮುಖ್ಯವಾದ ತೊಡಕು ತಳಿಯದು. ಬಿಳಿ ತಿರುಳಿನ ಬಗೆ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಚ್ಚಬಲ್ಲದು. ಕೆಂಪು ತಿರುಳಿನ ಬಗೆಗಳಲ್ಲಿ ಹಲವು ತಮ್ಮ ಪರಾಗವನ್ನು ತಾವೇ ಒಪ್ಪುವುದಿಲ್ಲ. ಬೇರೆ ಮೂಲದ ಗಿಡದ ಪರಾಗವೇ ಬೇಕು. ನೆರೆಯವರ ಒಂದು ಗಿಡದಿಂದ ಹತ್ತು ಕಡ್ಡಿ ತಂದು ನೆಟ್ಟರೆ ಕಣ್ಣಿಗೆ ಹತ್ತು ಗಿಡ, ಗುಣದಲ್ಲಿ ಒಂದೇ ಗಿಡ. ಆ ಹತ್ತರಲ್ಲಿ ಎಷ್ಟೇ ಹೂ ಅರಳಿದರೂ ಒಂದರಿಂದ ಇನ್ನೊಂದಕ್ಕೆ ಪ್ರಯೋಜನವಾಗದು. ಹೂವೆಲ್ಲ ಉದುರುವ ಗಿಡಗಳ ಕಥೆ ಅನೇಕ ಸಲ ಇಷ್ಟೇ. ಕೆಂಪು ತಿರುಳಿನದನ್ನು ಬೆಳೆಯುವವರು ಜೊತೆಗೆ ಬಿಳಿ ತಿರುಳಿನ ಒಂದು ಗಿಡ ಇಟ್ಟುಕೊಳ್ಳುವುದು ಲೇಸು.

ಪರಾಗಸ್ಪರ್ಶವನ್ನು ಕೈಯಿಂದ ಮಾಡುವುದು ಸುಲಭ. ಮನೆಯ ಮಕ್ಕಳೂ ಮಾಡಬಹುದು. ರಾತ್ರಿ ಒಂಬತ್ತರ ಮೇಲೆ, ಇಲ್ಲವೇ ಮುಂಜಾನೆ ಏಳರೊಳಗೆ, ಒಂದು ಹೂವಿನ ಹಳದಿ ಕೇಸರಗಳನ್ನು ಮೆದುವಾದ ಬ್ರಷ್ಷಿನಿಂದ ತಟ್ಟಿ ಪರಾಗವನ್ನು ತಟ್ಟೆಗೆ ಉದುರಿಸಿಕೊಳ್ಳಬೇಕು. ಇನ್ನೊಂದು ಗಿಡದ ಹೂವಿನ ನಡುವೆ ನಕ್ಷತ್ರದಂತೆ ಬಿರಿದು ಮುಂಚಾಚಿರುವ ಶಲಾಕಾಗ್ರಕ್ಕೆ ಅದನ್ನು ಧಾರಾಳವಾಗಿ ಸವರಬೇಕು. ಜಿಪುಣತನ ಬೇಡ. ಪರಾಗ ಹೆಚ್ಚು ತಾಗಿದಷ್ಟೂ ಬೀಜ ಹೆಚ್ಚು, ಬೀಜ ಹೆಚ್ಚಿದಷ್ಟೂ ಹಣ್ಣು ದಪ್ಪ. ಎರಡು ಗಿಡಗಳು ಬೇರೆ ಬೇರೆ ರಾತ್ರಿ ಅರಳಿದರೆ, ಒಣಗಿದ ಪರಾಗವನ್ನು ಕಾಗದದಲ್ಲಿ ಮಡಿಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಒಂದೆರಡು ದಿನ ಫ್ರಿಜ್‌ನಲ್ಲಿಡಬಹುದು. ಮಳೆ ಬರುವಂತಿದ್ದರೆ ಹೂವಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಸಡಿಲ ಮರೆ ಕಟ್ಟಬೇಕು. ತೊಳೆದುಹೋದ ಪರಾಗಕ್ಕೆ ಮರುದಿನ ಉಪಾಯವಿಲ್ಲ.

ಬಾಡಿದ ಹೂವಿನ ಬುಡ ಹಸಿರಾಗಿಯೇ ಉಳಿದು ಉಬ್ಬತೊಡಗಿದರೆ ಕಾಯಿ ನಿಂತಿತೆಂದು ತಿಳಿಯಬೇಕು. ಬುಡವೂ ಹಳದಿಯಾದರೆ ಅದು ಉದುರುವುದು ಖಚಿತ.

ಹಣ್ಣು ಮತ್ತು ಅನಂತರ

ಕಾಯಿ ನಿಂತ 30ರಿಂದ 35 ದಿನಗಳಲ್ಲಿ ಸಿಪ್ಪೆ ಕೆಂಪಾಗುತ್ತದೆ. ಬಣ್ಣ ತಿರುಗಿದ ಕೂಡಲೇ ಕೀಳದೆ ಮೂರು ನಾಲ್ಕು ದಿನ ಬಿಟ್ಟರೆ ಸಿಹಿ ಕೂಡುತ್ತದೆ. ಬಾಳೆ, ಮಾವಿನಂತೆ ಇದನ್ನು ಅಡೆ ಹಾಕಿ ಹಣ್ಣು ಮಾಡಲಾಗದು. ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಹಕ್ಕಿಗಳಿಗೂ ಇದು ಗೊತ್ತಿರುವುದರಿಂದ ಆ ಕೊನೆಯ ದಿನಗಳಲ್ಲಿ ಹಣ್ಣಿಗೆ ಬಲೆಯ ಚೀಲ ತೊಡಿಸಬೇಕು.

ಮಳೆಗಾಲದಲ್ಲಿ ಕಾಂಡದ ಮೇಲೆ ಕಿತ್ತಳೆ-ಕಂದು ಚುಕ್ಕೆ ಕಂಡರೆ ರೋಗ ತಗುಲಿದ ಭಾಗವನ್ನು ಕತ್ತರಿಸಿ ಸುಡಬೇಕು. ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬೇಕು. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಿಂದ ಒರೆಸಿ ಬಳಸುವುದು ಅಗತ್ಯ. ಕೊಯ್ಲು ಮುಗಿದ ಮೇಲೆ, ನವೆಂಬರ್-ಡಿಸೆಂಬರ್‌ನಲ್ಲಿ, ಫಲ ಕೊಟ್ಟು ಮುದಿಯಾದ ಮತ್ತು ಒಳಗೆ ಒತ್ತಾಗಿರುವ ಕವಲುಗಳನ್ನು ಸವರಿದರೆ ಹೊಸ ಕವಲುಗಳು ಮುಂದಿನ ಹಂಗಾಮಿಗೆ ಬಲಿಯುತ್ತವೆ. ಸವರಿದವುಗಳಲ್ಲಿ ರೋಗವಿಲ್ಲದ, ಗಟ್ಟಿಯಾದ ತುಂಡುಗಳನ್ನು ನೆರಳಿನಲ್ಲಿ ಆರಿಸಿ, ತಳಿಯ ಹೆಸರಿನ ಚೀಟಿ ಕಟ್ಟಿಯೇ ನೆರೆಯವರಿಗೆ ಕೊಡಬೇಕು.